ನಮ್ಮಲ್ಲಿ ಎಂದರೆ ಎಲ್ಲಿ?

ನಿವೃತ್ತನಾದ ಗಂಡಸಿಗೆ ಹೆಂಡತಿಯ ಕೆಲಸದಲ್ಲಿ ಸಹಾಯ ಮಾಡಬೇಕು ಎಂಬ ಬುದ್ಧಿ ಹುಟ್ಟುವುದು ಒಂದು ಕಾಯಿಲೆ. ಇದಕ್ಕೆ ಇನ್ನೂ ಮದ್ದು ಬಂದಿಲ್ಲ. ಬಂದಿದ್ದರೆ ನಮ್ಮ ಮನೆಯ ಭವಾನಿ ಅದನ್ನು ನನ್ನ ಬೆಳಗಿನ ಕಾಫಿಗೆ ಕದಡಿ ಕೊಡುತ್ತಿದ್ದಳು. ನಾನು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದವನು. ಪುತ್ತೂರು, ಸುಳ್ಯ, ಕಡಬದ ಕಡೆ ಲೈನು ಕೆಟ್ಟಿತೆಂದರೆ ನನಗೇ ಕರೆ ಬರುತ್ತಿತ್ತು. ಗುಂಡ್ಯದಲ್ಲಿ ಮರ ಬಿದ್ದು ತಂತಿ ಕಡಿದರೂ ನಾನೇ, ಸಂಪಾಜೆಯಲ್ಲಿ ಕಂಬ ಒರಗಿದರೂ ನಾನೇ. ತಂತಿ ಕಡಿದ ಜಾಗವನ್ನು ಮೂಸಿ ಹೇಳುತ್ತೇನೆ ಎಂದು ಕೊಚ್ಚಿಕೊಂಡವನೂ ನಾನೇ. ಇಂಥ ಮನುಷ್ಯ ತನ್ನ ಊಟದ ಮೇಜಿನ ಮೇಲಿದ್ದ ಒಂದೇ ಲ್ಯಾಪ್‌ಟಾಪಿನೊಳಗೆ, ಒಂದಕ್ಕೊಂದು ಒರಗಿ ಕೂತಂತಿದ್ದ ಎರಡು ಪ್ರೋಗ್ರಾಮುಗಳನ್ನು ಮಾತಾಡಿಸಲು ಮೂರು ದಿನ ತೆಗೆದುಕೊಂಡ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕು, ಬೇರೆ ದಾರಿಯಿಲ್ಲ.

ಭವಾನಿ ಕಡಬದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು. ಅವಧಿಗೆ ಮೊದಲೇ ಕೆಲಸ ಬಿಟ್ಟು, ಆರು ವರ್ಷದಿಂದ ನಮ್ಮ ಕಡೆ ತಿನ್ನುವ ಕಾಟು ಸೊಪ್ಪುಗಳ, ಎಂದರೆ ಯಾರೂ ನೆಡದೆ ತಾನಾಗಿ ಬೆಳೆಯುವ ಕಾಡು ಸೊಪ್ಪುಗಳ, ಬೆನ್ನು ಹತ್ತಿದ್ದಾಳೆ. ಒಂದು ಎಲೆ ಕಂಡರೆ ಅದರ ಕನ್ನಡದ ಹೆಸರು, ತುಳು ಹೆಸರು, ಅರೆಭಾಷೆಯ ಹೆಸರು, ಬ್ಯಾರಿಗಳು ಏನೆನ್ನುತ್ತಾರೆ, ಯಾವ ತಿಂಗಳಲ್ಲಿ ಚಿಗುರುತ್ತದೆ, ಪಲ್ಯಕ್ಕೋ ತಂಬುಳಿಗೋ ಎಲ್ಲ ಬರೆದುಕೊಳ್ಳುವುದು. ಬಸ್ಸಿನಲ್ಲಿ ಹೋಗುವಾಗ ದಾರಿಬದಿಯಲ್ಲಿ ಏನೋ ಕಂಡಿತೆಂದು ಇಳಿದುಬಿಟ್ಟದ್ದೂ ಉಂಟು, ನನ್ನನ್ನು ಬಸ್ಸಿನಲ್ಲೇ ಬಿಟ್ಟು. ಅವಳ ತವರು ಅರಂತೋಡು. ಅಲ್ಲಿರುವ ಅವಳ ಅಣ್ಣನಿಗೆ ಇದೆಲ್ಲ ಹುಚ್ಚಾಗಿ ಕಂಡಿತ್ತು. "ಸೊಪ್ಪು ಕೊಯ್ಲಿಕ್ಕೆ ಟೀಚರ್ ಕೆಲಸ ಬಿಡ್ಬೇಕಿತ್ತಾ?" ಎಂದು ಅವನು ಮದುವೆ ಮನೆಯೊಂದರಲ್ಲಿ ಎಲ್ಲರೆದುರು ಕೇಳಿದ್ದ. ಅವಳು ಮನೆಗೆ ಬಂದು ಎರಡು ದಿನ ನನ್ನೊಂದಿಗೂ ಮಾತಾಡಲಿಲ್ಲ, ನಾನು ಪಕ್ಕದಲ್ಲೇ ಕೂತು ಜಿಲೇಬಿ ತಿನ್ನುತ್ತಿದ್ದೆ ಎಂಬ ತಪ್ಪಿಗೆ.

ಈ ಸಲದ ಆಟಿಯಲ್ಲಿ, ಎಂದರೆ ಆಷಾಢದ ಮಳೆಯ ತಿಂಗಳಲ್ಲಿ, ಅರಂತೋಡಿನ ಹೆಂಗಸರ ಸಂಘದವರು ಭಾನುವಾರ ಒಂದು ಕಾರ್ಯಕ್ರಮ ಇಟ್ಟುಕೊಂಡು ಭವಾನಿಯನ್ನು ಕರೆದರು. ಹದಿನೈದು ನಿಮಿಷ ಮಾತಾಡಬೇಕು. ತವರಿನವರೆದುರು, ಅಣ್ಣನೆದುರು. ಆರು ವರ್ಷ ಮಾಡಿದ್ದು ಹುಚ್ಚಲ್ಲ ಎಂದು ತೋರಿಸಲು ಸಿಕ್ಕಿದ ಹದಿನೈದು ನಿಮಿಷ ಅದು. ಅವಳು ತನ್ನ ನೋಟ್‌ಬುಕ್ಕುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹೋಗುವವಳಿದ್ದಳು. ವಿವರ ಮಾತಾಡಲು ಸಂಘದವರು ಮಾಡಿದ ಫೋನು ನನ್ನ ಕೈಗೆ ಬಂದದ್ದೇ ಅನರ್ಥ. "ನೋಟ್‌ಬುಕ್ ಎಲ್ಲ ಎಂತಕ್ಕೆ ಮಾರಾಯ್ರೆ? ಎಲ್ಲ ಪರದೆಯಲ್ಲೇ ತೋರಿಸುವ. ಹೆಸರು ಹೊಡೆದರೆ ಸೊಪ್ಪು ಬರ್ತದೆ. ನಾನಿದ್ದೇನಲ್ಲ" ಎಂದು ಅವರಿಗೆ ಹೇಳಿಬಿಟ್ಟೆ.

ಭವಾನಿ ಬರೆದದ್ದನ್ನೆಲ್ಲ ಅವಳೇ ಟೈಪ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಳು. ಅದನ್ನು ಕೇಳಿದವರಿಗೆ ಎತ್ತಿಕೊಡಲು ಅದರಲ್ಲೇ ಒಂದು ಸರ್ವರ್ ಕೂರಿಸಿದೆ. ಇನ್ನು ಬೇಕಾದದ್ದು ಹುಡುಕುವ ಪುಟ. ಅದು ಪುಕ್ಕಟೆ ಸಿಗುತ್ತದೆ, ಆದರೆ ಕಂಟೇನರಿನೊಳಗೇ ಬರುತ್ತದೆ. ಕಂಟೇನರ್ ಎಂದ ಕೂಡಲೇ ಭವಾನಿ, "ಶಿರಾಡಿಯಲ್ಲಿ ಅಡ್ಡ ನಿಂತು ಅರ್ಧ ದಿನ ರೋಡ್ ಬ್ಲಾಕ್ ಮಾಡ್ತದಲ್ಲ, ಅದಾ?" ಎಂದಳು. ನಾನು ಅವಳ ಅಜ್ಞಾನಕ್ಕೆ ನಕ್ಕು ವಿವರಿಸಿದೆ. ಇದು ಒಂದು ಪ್ರೋಗ್ರಾಮು ತನಗೆ ಬೇಕಾದ ಅಕ್ಕಿ, ಬೇಳೆ, ಉಪ್ಪಿನಕಾಯಿ, ಚಾಪೆ ಎಲ್ಲ ಕಟ್ಟಿಕೊಂಡು ಬಂದು ನಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಕೋಣೆ ಹಿಡಿದು ಬಾಗಿಲು ಹಾಕಿಕೊಳ್ಳುವ ಏರ್ಪಾಡು. ನಮ್ಮದೇನನ್ನೂ ಮುಟ್ಟುವುದಿಲ್ಲ. "ನಿಮ್ಮ ದೊಡ್ಡಮ್ಮ ಬಂದ ಹಾಗೆ" ಎಂದಳು ಅವಳು. ಅವಳ ಉಪಮೆ ಸರಿಯಾಗಿಯೇ ಇತ್ತು, ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಗುರುವಾರ ಬೆಳಿಗ್ಗೆ ಕೂತೆ. ಪುಟ ಕೇಳಿತು, ಸರ್ವರ್ ಎಲ್ಲಿದೆ? ಅದೇ ಯಂತ್ರದಲ್ಲಿ ಇದೆಯಲ್ಲ, ಹಾಗಾಗಿ ಎಲ್ಲರೂ ಬರೆಯುವಂತೆ 'ಲೋಕಲ್‌ಹೋಸ್ಟ್' ಎಂದು ಬರೆದೆ. ಎಂದರೆ 'ಇಲ್ಲೇ, ನಮ್ಮಲ್ಲೇ' ಎಂದು. ಪುಟ ಸ್ವಲ್ಪ ಹೊತ್ತು ತಿರುಗಿ, ಸಂಪರ್ಕ ನಿರಾಕರಿಸಲಾಗಿದೆ ಎಂದಿತು. ನಾನು ನೇರವಾಗಿ ಸರ್ವರ್ ಅನ್ನು ಕೇಳಿದರೆ ಅದು ಚೆನ್ನಾಗಿಯೇ ಉತ್ತರ ಕೊಡುತ್ತಿತ್ತು. ಕಂಟೇನರ್ ಕೇಳಿದರೆ ಮಾತ್ರ ಇಲ್ಲ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಹನ್ನೊಂದು ಸಲ ಆರಿಸಿ ಹಚ್ಚಿದೆ. ಇಂಟರ್ನೆಟ್ಟಿನಲ್ಲಿ ಉಪದೇಶ ಹುಡುಕಿದೆ. ಒಬ್ಬ ಫೈರ್‌ವಾಲ್ ತೆಗೆ ಎಂದ, ಇನ್ನೊಬ್ಬ ತೆಗೆದವನು ಹಾಳಾಗಿ ಹೋದ ಎಂದ, ಮೂರನೆಯವನು ನನ್ನ ಸಮಸ್ಯೆಯೂ ಇದೇ ಎಂದು ಬರೆದು ಕಣ್ಮರೆಯಾಗಿದ್ದ. ಕೊನೆಗೆ ಕಂಟೇನರಿನ ಒಳಗೇ ಹೊಕ್ಕು ಅಲ್ಲಿಂದ ಲೋಕಲ್‌ಹೋಸ್ಟನ್ನು ಕೂಗಿ ನೋಡಿದೆ. ಓ ಎಂದಿತು! ಲೈನು ಸರಿ ಇದೆ, ಆದರೂ ಮಾತಿಲ್ಲ. ಇಲಾಖೆಯಲ್ಲಿ ಇಂಥ ದೂರು ಬಂದರೆ ನಾವು 'ಗಿರಾಕಿಯ ಕಿವಿ ದೋಷ' ಎಂದು ಬರೆದು ಕಡತ ಮುಚ್ಚುತ್ತಿದ್ದೆವು.

ಶುಕ್ರವಾರವೂ ಹಾಗೇ ಹೋಯಿತು. ಶನಿವಾರ ಬೆಳಿಗ್ಗೆ ಭವಾನಿ ನನ್ನ ಹಿಂದೆ ಬಂದು ನಿಂತಳು. ಆಯಿತೇ ಎಂದು ಕೇಳಲಿಲ್ಲ. ಕೇಳಿದ್ದರೆ ಸಿಟ್ಟು ಮಾಡಬಹುದಿತ್ತು. ಮೆಲ್ಲಗೆ, "ಆಗದಿದ್ರೆ ಬಿಡಿ, ನಾನು ನೋಟ್‌ಬುಕ್ಕೇ ತಕೊಂಡು ಹೋಗ್ತೇನೆ" ಎಂದಳು. ಸಂಘದವರು ನನ್ನ ಮಾತು ಕೇಳಿ ಪರದೆ ತರಿಸಿದ್ದರು. ಖಾಲಿ ಪರದೆಯ ಮುಂದೆ ಇವಳು ನೋಟ್‌ಬುಕ್ ಹಿಡಿದು ನಿಂತರೆ ಅಣ್ಣ ಏನೆಂದಾನು? ಅದನ್ನು ನೆನೆದು ನಾನು ತಪ್ಪಿತಸ್ಥನ ದನಿಯಲ್ಲಿ, ಬೇರೆ ಏನಾದರೂ ಕೆಲಸ ಇದ್ದರೆ ಹೇಳು ಎಂದೆ.

"ಕೆಸುವಿನ ಫೋಟೋ ಒಂದು ಸರಿ ಇಲ್ಲ. ನಮ್ಮಲ್ಲಿ ಬಾವಿಕಟ್ಟೆ ಹತ್ರ ಬೇಕಾದಷ್ಟು ಉಂಟು, ಒಂದು ತೆಗ್ದು ಕೊಡಿ" ಎಂದಳು.

ಕೊಡೆ ಹಿಡಿದು ಹೊರಟೆ. ನಮ್ಮ ಪುತ್ತೂರಿನ ಮನೆಯ ಬಾವಿಯ ಸುತ್ತ ಸಿಮೆಂಟು ಹಾಕಿ ಏಳು ವರ್ಷವಾಗಿದೆ. ಆದರೂ ಟೀಚರ್ ಹೇಳಿದ ಮೇಲೆ ಇರಲೇಬೇಕು ಎಂದು ಮೂರು ಸುತ್ತು ಬಂದೆ, ಬಗ್ಗಿ ಬಾವಿಯ ಒಳಗೂ ನೋಡಿದೆ. ಅರ್ಧ ಒದ್ದೆಯಾಗಿ ಒಳಗೆ ಬಂದರೆ ಅವಳು, "ಅಯ್ಯೋ, ಈ ಬಾವಿ ಅಲ್ಲ ಮಾರಾಯ್ರೆ. ನಾಳೆ ಹೋದಾಗ ತೆಗೆದ್ರೆ ಆಯ್ತು. ನಾನು ಹೇಳಿದ್ದು ನಮ್ಮಲ್ಲಿ" ಎಂದಳು.

"ನಮ್ಮಲ್ಲಿ ಅಂದ್ರೆ?"

"ಅರಂತೋಡಿನಲ್ಲಿ. ಮತ್ತೆಲ್ಲಿ?"

ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ನನ್ನ ಮನೆಮಾತು ತುಳು, ಅವಳದ್ದು ಅರೆಭಾಷೆ. ಜಗಳ ಮಾತ್ರ ಕನ್ನಡದಲ್ಲಿ, ಒಬ್ಬರಿಗೆ ಹೆಚ್ಚಿನ ಅನುಕೂಲ ಆಗಬಾರದೆಂದು. ನಾನು ಶುದ್ಧ ಕನ್ನಡದಲ್ಲಿ ಶುರುಮಾಡಿದೆ. "ಇಲ್ಲಿಗೆ ಬಂದು ಮೂವತ್ತೊಂದು ವರ್ಷ ಆಯ್ತು. ಇನ್ನೂ ನಿನಗೆ ನಮ್ಮಲ್ಲಿ ಅಂದ್ರೆ ಅರಂತೋಡಾ?"

"ನೀವು ನಮ್ಮಲ್ಲಿ ಅಂದ್ರೆ ಪುತ್ತೂರು. ನಾನು ನಮ್ಮಲ್ಲಿ ಅಂದ್ರೆ ಅರಂತೋಡು. ಹೇಳುದು ಯಾರು ಅಂತ ನೋಡ್ಬೇಕು. ಅಷ್ಟೂ ಗೊತ್ತಾಗುದಿಲ್ವಾ ನಿಮಗೆ?"

ನಾನು ಜಗಳ ಬಿಟ್ಟು ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಹೇಳುವುದು ಯಾರು ಎಂದು ನೋಡಬೇಕು! ಲೋಕಲ್‌ಹೋಸ್ಟ್ ಎಂದು ನಾನು ಹೇಳಿದರೆ ಈ ಲ್ಯಾಪ್‌ಟಾಪು. ಕಂಟೇನರ್ ಹೇಳಿದರೆ ಅದು ಹಿಡಿದ ಆ ಕೋಣೆ. ಅದು ಮೂರು ದಿನದಿಂದ ತನ್ನ ಕೋಣೆಯೊಳಗೇ ಸರ್ವರ್ ಅನ್ನು ಹುಡುಕುತ್ತಿತ್ತು. ಕೂಗಿದಾಗ ಓ ಎಂದದ್ದೂ ಅದೇ, ತನಗೆ ತಾನೇ. ಸುಳ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ, ಮೊದಲು ಗಲ್ಫಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಹಮೀದನಿಗೆ ಕೂಡಲೇ ಫೋನು ಮಾಡಿದೆ.

"ಮೂರು ದಿನ ಎಂತ ಮಾಡ್ತಾ ಇದ್ರಿ ಮಾರಾಯ್ರೆ?" ಎಂದು ಅವನು ಮೊದಲು ಮನಸಾರೆ ನಕ್ಕ. "ಒಳಗೆ ಕೂತವನಿಗೆ ಹೊರಗಿನ ಯಂತ್ರದ ಹೆಸರು ಬರೆದು ಕೊಡಿ. ಮತ್ತೆ ಆ ಸರ್ವರ್‌ಗೂ ಒಂದು ಮಾತು ಹೇಳಿ. ಅದು ಮನೆಯವರಿಗೆ ಮಾತ್ರ ಬಾಗಿಲು ತೆಗೆಯುದು. ಹೊರಗಿನವ ಬಂದ್ರೂ ತೆಗೀಲಿಕ್ಕೆ ಹೇಳ್ಬೇಕು." ಎರಡೇ ಸಾಲು. ಅವನು ಹೇಳಿದಂತೆ ಬರೆದೆ. ನಿರಾಕರಣೆಯ ಮಾತು ಮಾಯವಾಯಿತು.

ಪರೀಕ್ಷೆಗೆ ಒಂದು ಹೆಸರು ಹೊಡೆಯಬೇಕಲ್ಲ. ಟೊಮೆಟೊ ಎಂದು ಹೊಡೆದೆ. 'ಯಾವುದೂ ಸಿಗಲಿಲ್ಲ' ಎಂದಿತು. ಬದನೆ, ಅದೂ ಇಲ್ಲ. ಕ್ಯಾಬೇಜು ಇಲ್ಲ. ಪುನಃ ಕೆಟ್ಟಿತೆಂದು ತಲೆ ಮೇಲೆ ಕೈ ಹೊತ್ತು ಕೂತೆ. ಭವಾನಿ ಬಂದು ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಆರು ವರ್ಷ ನಾನು ಬರೆದದ್ದರಲ್ಲಿ ಒಂದು ಸೊಪ್ಪಿನ ಹೆಸರೂ ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವಳ ನೋಟ್‌ಬುಕ್ಕನ್ನು ನಾನು ಒಂದು ದಿನವೂ ತೆರೆದಿರಲಿಲ್ಲ. ಅವಳೇ ಬಗ್ಗಿ 'ತಜಂಕ್' ಎಂದು ಹೊಡೆದಳು. ಫಳಕ್ಕೆಂದು ಬಂತು! ಹಳದಿ ಹೂವಿನ ಚಿತ್ರ, ಚಗಟೆ ಸೊಪ್ಪು ಎಂಬ ಕನ್ನಡ ಹೆಸರು, ಪಲ್ಯ ಮತ್ತು ವಡೆ ಮಾಡುವ ಕ್ರಮ. ಕೆಳಗೆ 'ವಿಶೇಷ ಸೂಚನೆ' ಎಂದು ಒಂದು ಸಾಲು: "ನಮ್ಮ ಯಜಮಾನರಿಗೆ ಕಾಟು ಸೊಪ್ಪೆಂದು ಹೇಳದೆ ಬಡಿಸಿದರೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಹೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ."

ಅದನ್ನು ಅಳಿಸಬೇಕು ಎಂದೆ. "ದಾಖಲೆ ಅಂದ್ರೆ ದಾಖಲೆ" ಎಂದಳು. ಹೋಗಲಿ, ನೂರಾರು ಸೊಪ್ಪುಗಳ ನಡುವೆ ಇದನ್ನು ಯಾರು ನೋಡುತ್ತಾರೆ ಎಂದು ನಾನೂ ಸುಮ್ಮನಾದೆ.

ಭಾನುವಾರ ಅರಂತೋಡಿನ ಸಭೆ ತುಂಬಿತ್ತು. ಭವಾನಿ ಮಾತಾಡಿದಳು, ಹೆಸರು ಹೊಡೆದಳು, ಸೊಪ್ಪುಗಳು ಒಂದರ ಹಿಂದೆ ಒಂದು ಬಂದವು. ಹಿರಿಯ ಹೆಂಗಸರು ಎದ್ದು ಬಂದು ತಮಗೆ ಗೊತ್ತಿದ್ದ ಹೆಸರು ಸೇರಿಸಿ ಎಂದರು. ಮುಂದಿನ ಸಾಲಿನಲ್ಲಿದ್ದ ಅಣ್ಣ ಕನ್ನಡಕ ಹಾಕಿಕೊಂಡು, ಚಗಟೆ ಉಂಟಾ ನೋಡು ಎಂದ. ನಾನು ಯಂತ್ರದ ಪಕ್ಕ ಕೂತು ಕಣ್ಣಲ್ಲೇ ಬೇಡ ಬೇಡ ಎಂದೆ. ಅವಳು ಹೊಡೆದೇಬಿಟ್ಟಳು. ಸೂಚನೆ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. "ಅದನ್ನು ತೆಗೀಬೇಡಿ ಭಾವ, ಸರಿ ಓದಿ ಆಗ್ಲಿಲ್ಲ" ಎಂದು ಅಣ್ಣ ನಗುತ್ತ ಕಣ್ಣೊರೆಸಿಕೊಂಡ. ಅಷ್ಟು ಅರಳಿದ ಮುಖದಲ್ಲಿ ಭವಾನಿಯನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಮೂರು ದಿನ ಸಂಪರ್ಕ ಸಿಗಲಿ ಎಂದು ಕಂಡ ದೈವಕ್ಕೆಲ್ಲ ಕೈಮುಗಿದಿದ್ದ ನಾನು, ಆ ಒಂದು ನಿಮಿಷ ಕಡಿದುಹೋಗಲಿ ಎಂದು ಅದೇ ದೈವಗಳನ್ನು ಬೇಡಿಕೊಂಡೆ. ಕಡಿಯಲಿಲ್ಲ. ಇಷ್ಟು ಗಟ್ಟಿಯಾದ ಲೈನನ್ನು ನಾನು ಇಲಾಖೆಯಲ್ಲಿದ್ದಾಗ ಒಂದು ಸಲವೂ ಎಳೆದದ್ದಿಲ್ಲ.