ಸತ್ತಿಲ್ಲವಾದ್ದರಿಂದ ಸುರಕ್ಷಿತ: ಕಾಂತೀಯ ನ್ಯಾನೋಕಣ ಮಹಾಶಯರಿಗೆ

ಮಾನ್ಯರೇ,

ಕಣ್ಣಿಗೆ ಕಾಣದಿದ್ದರೂ ನಮ್ಮ ಕಡತಗಳಲ್ಲೆಲ್ಲ ತುಂಬಿಕೊಂಡಿರುವ ತಮಗೆ, ಹದಿನಾಲ್ಕು ವರ್ಷದಿಂದ ಪ್ರಯೋಗಾಲಯದಲ್ಲಿ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಸಾಕುತ್ತ, ದಿನ ಬಿಟ್ಟು ದಿನ ಅವುಗಳ ಗುಲಾಬಿ ಬಣ್ಣದ ಆಹಾರದ್ರವ ಬದಲಿಸುತ್ತ ಬಂದಿರುವ ತಂತ್ರಜ್ಞೆಯೊಬ್ಬಳ ಸವಿನಯ ನಮಸ್ಕಾರಗಳು. ಈ ದೂರನ್ನು ಸುರಕ್ಷತಾ ಸಮಿತಿಗೆ ಮೂರು ಸಲ ಬರೆದೆ. ಮೂರು ಸಲವೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಉತ್ತರವೇ ಬಂದುದರಿಂದ, ಯಾರಿಗೂ ಉತ್ತರ ಕೊಟ್ಟು ಅಭ್ಯಾಸವಿಲ್ಲದ ತಮ್ಮನ್ನೇ ನೇರವಾಗಿ ಕಾಣುವುದು ಮೇಲೆಂದು ತೋರಿತು.

ತಮ್ಮ ಕಸುಬಿನ ಬಗ್ಗೆ ನನಗೆ ತಕರಾರಿಲ್ಲ. ಸವೆದ ಮಂಡಿಗೆ ಬಿಟ್ಟ ಕಾಂಡಕೋಶಗಳು ಕಂಡಕಂಡಲ್ಲಿ ಅಲೆಯದಿರಲೆಂದು, ಕಬ್ಬಿಣದ ಕಣಗಳಾದ ತಮ್ಮನ್ನು ಅವುಗಳಿಗೆ ಮೊದಲೇ ನುಂಗಿಸಿ, ಹೊರಗಿನಿಂದ ಅಯಸ್ಕಾಂತ ಹಿಡಿದು ಬೇಕಾದ ಜಾಗಕ್ಕೆ ಎಳೆದು ಕೂರಿಸುತ್ತಾರೆ. ಅಲ್ಲಿ ಅವು ಮೃದ್ವಸ್ಥಿಯಾಗಿ ಬೆಳೆದು, ಎಲುಬಿಗೆ ಎಲುಬು ತಿಕ್ಕುವುದನ್ನು ತಪ್ಪಿಸಬೇಕು. ಅವು ಎಲ್ಲಿ ಕೂತಿವೆಯೆಂದು ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆಯಾಗಿ ತೋರಿಸುವವರೂ ತಾವೇ. ಕೋಶ ಸತ್ತರೂ, ಅದನ್ನು ತಿಂದು ಮುಗಿಸಿದ ಇನ್ನೊಂದು ಕೋಶದ ಹೊಟ್ಟೆಯೊಳಗೆ ಕೂತು ಅದೇ ಚುಕ್ಕೆಯನ್ನು ತೋರಿಸುತ್ತ ಎಲ್ಲ ಕ್ಷೇಮವೆನ್ನುವ ತಮ್ಮ ನಿಷ್ಠೆಯನ್ನು ನಾನು ಯಾವ ಕಚೇರಿಯ ಹಾಜರಿ ಪುಸ್ತಕದಲ್ಲೂ ಕಂಡಿಲ್ಲ.

ನನ್ನ ದೂರಿರುವುದು ಒಂದು ಪದದ ಮೇಲೆ. ತಮ್ಮನ್ನು ನುಂಗಿಸಿದ ಮರುದಿನ ಎಷ್ಟು ಕೋಶ ಸತ್ತಿವೆಯೆಂದು ಎಣಿಸುವುದೇ ನಮ್ಮಲ್ಲಿನ ಪರೀಕ್ಷೆ. ಎಣಿಸಿದೆ, "ಸತ್ತಿಲ್ಲ" ಎಂದು ಬರೆದೆ. ಕಚೇರಿಯಲ್ಲಿ ಬೆರಳಚ್ಚಾಗಿ ಬರುವಷ್ಟರಲ್ಲಿ ಅದು "ಸುರಕ್ಷಿತ" ಎಂದಾಗಿತ್ತು. ಕೈಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದ ನಾನು ಓದದೆ ಸಹಿ ಹಾಕಿದೆ. ಸಾಯದವರೆಲ್ಲ ಸುಖವಾಗಿದ್ದಾರೆಂಬುದು ನಿಜವಾದರೆ, ಸಮಿತಿಯ ಸಭೆಯಲ್ಲಿ ಕೂತವರೆಲ್ಲ ಎಚ್ಚರವಾಗಿದ್ದಾರೆಂದೂ ಒಪ್ಪಬೇಕಾಗುತ್ತದೆ.

ಆಮೇಲೆ ಮನಸ್ಸು ತಡೆಯದೆ, ಅದೇ ಕೋಶಗಳ ಕೆಲವು ತಟ್ಟೆಗಳನ್ನು ಎಸೆಯದೆ ಮೂರು ವಾರ ಸಾಕಿದೆ. ತಮ್ಮನ್ನು ನುಂಗದವು ಬೆಳ್ಳಗೆ, ಗಟ್ಟಿಯಾಗಿ ಮೃದ್ವಸ್ಥಿ ಕಟ್ಟಿದವು. ಮಿತವಾಗಿ ನುಂಗಿದವೂ ಹೆಚ್ಚುಕಡಿಮೆ ಹಾಗೆಯೇ. ಹೊಟ್ಟೆ ಬಿರಿಯುವಂತೆ ನುಂಗಿದವು ಮಾತ್ರ ಸಾಯಲೂ ಇಲ್ಲ, ಏನೂ ಆಗಲೂ ಇಲ್ಲ. ಕಂದುಬಣ್ಣಕ್ಕೆ ತಿರುಗಿ, ಬಂದ ಕೆಲಸ ಮರೆತು ಸುಮ್ಮನೆ ಕೂತಿವೆ. ಸೋಮವಾರ ಮಂಡಿಗೆ ಇಳಿಯಲಿರುವುದು ಇದೇ ಹೊಟ್ಟೆ ಬಿರಿದ ಪ್ರಮಾಣ, ಏಕೆಂದರೆ ಸ್ಕ್ಯಾನಿನಲ್ಲಿ ಚುಕ್ಕೆ ಚೆನ್ನಾಗಿ ಕಾಣಬೇಕಲ್ಲ.

ಆ ಮಂಡಿ ನನ್ನ ಅಕ್ಕನದು. ಮೂವತ್ತು ವರ್ಷ ಬಟ್ಟೆಯಂಗಡಿಯಲ್ಲಿ ನಿಂತೇ ಸವೆದದ್ದು; ಈಗ ಮಹಡಿಯ ಮೆಟ್ಟಿಲನ್ನು ಕುಳಿತುಕೊಂಡೇ ಇಳಿಯುತ್ತಾಳೆ. ಸ್ವಲ್ಪ ತಡೆಯೇ ಅಕ್ಕ ಎಂದರೆ ನಕ್ಕುಬಿಟ್ಟಳು: "ಅಯ್ಯೋ ಹೋಗೇ, ಡಾಕ್ಟರ್ ಹೇಳಿದ್ದು ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಅವ್ರು ತೋರಿಸಿದ ವರದಿ ಕೆಳಗೆ ನಿನ್ನ ಸಹಿ ನೋಡ್ದೆ, ಹೂಂ ಅಂದೆ." ಓದದೆ ಹಾಕಿದ ಸಹಿ ಅದು ಎನ್ನಲು ನನಗೆ ಬಾಯಿ ಬರಲಿಲ್ಲ. ಹೆದರಿಕೆಯಾಗಿದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿದೆ.

ಆದ್ದರಿಂದ ತಾವು ದಯಮಾಡಿ ಸೋಮವಾರದೊಳಗೆ ಕೋಶಗಳ ಹೊಟ್ಟೆಯಿಂದ ಸಾಲಾಗಿ ಹೊರಬಂದು ಸಮಿತಿಯ ಮುಂದೆ ಸಾಕ್ಷಿ ನುಡಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಅಯಸ್ಕಾಂತ ಹಿಡಿದಾಗ ಒಂದು ದಿನದ ಮಟ್ಟಿಗೆ ಜಪ್ಪಯ್ಯ ಎಂದರೂ ಕದಲದೆ ಕೂರಬೇಕು. ಅದೂ ಕಷ್ಟವಾದರೆ ಅಧ್ಯಕ್ಷರ ಪೆನ್ನಿನೊಳಗೆ ಸೇರಿಕೊಂಡು, "ಮೂರು ವಾರದ ಪರೀಕ್ಷೆಯೂ ಆಗಲಿ, ಪ್ರಮಾಣವೂ ಇಳಿಯಲಿ" ಎಂದು ಅವರ ಕೈಯಿಂದಲೇ ಬರೆಸಬೇಕು. ಇದ್ಯಾವುದೂ ತಮ್ಮಿಂದಾಗದೆಂದು ಬಲ್ಲೆ. ನನ್ನಿಂದಾಗುವುದು ಒಂದೇ ಒಂದು: ಆ ವರದಿಯ ಕೆಳಗಿನ ನನ್ನ ಸಹಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆದಿದ್ದೇನೆ.

ತಮ್ಮ ವಿಶ್ವಾಸಿ,
ಈ ಸಲ ಪೂರ್ತಿ ಓದಿ ಸಹಿ ಹಾಕಿದವಳು

ತಾ.ಕ.: ಇದರ ಪ್ರತಿ ಸಮಿತಿಗೂ ಹೋಗಿದೆ. ಎಳೆಯುವವರಿದ್ದರೆ ತಾವಾದರೂ ಕದಲುತ್ತೀರಿ. ಅವರ ವಿಷಯದಲ್ಲಿ ಆ ಭರವಸೆಯನ್ನೂ ಇಟ್ಟುಕೊಂಡಿಲ್ಲ. ಮೊದಲ ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು; ಸೋಮವಾರ ಬರುವುದಿಲ್ಲವೆಂದು ಆಸ್ಪತ್ರೆಗೆ ತಾನೇ ಫೋನು ಮಾಡಿದಳು. ನನ್ನೊಡನೆ ಮಾತು ಬಿಟ್ಟು ಇವತ್ತಿಗೆ ಎರಡು ದಿನ.