ಎಡಗಾಲಿನ ಎಕ್ಕಡದ ಕಾವಲು

ನಮ್ಮ ಸೋದರಮಾವ ಕಂಡವರ ಚಪ್ಪಲಿ ಕಿತ್ತುಕೊಳ್ಳುವ ಮನುಷ್ಯ. ಅದೂ ಎಡಗಾಲಿನದು ಮಾತ್ರ!

ಗುಂಡ್ಲುಪೇಟೆ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಅವರು ಆಪರೇಟರು, ನಾನು ಅಲ್ಲೇ ಹೊಸ ಎಂಜಿನಿಯರು. ಲೈನ್ ಕೆಲಸಕ್ಕೆ ಹೊರಡುವವರು ಬೂಟು ಹಾಕಿಕೊಂಡು, ಬಿಚ್ಚಿಟ್ಟ ಎಡ ಚಪ್ಪಲಿಯನ್ನು ಮಾವನಿಗೆ ಒಪ್ಪಿಸಬೇಕು. ಮಾವ ಆ ಲೈನಿನ ಕರೆಂಟು ನಿಲ್ಲಿಸಿ, ಅದರ ದೊಡ್ಡ ಸ್ವಿಚ್ಚಾದ ಬ್ರೇಕರಿಗೆ ಬೀಗ ಜಡಿದು, ಬೀಗಕ್ಕೆ ಚಪ್ಪಲಿ ಕಟ್ಟುತ್ತಾರೆ. ಒಡೆಯನೇ ಬಂದು ಬಿಡಿಸಿಕೊಳ್ಳುವ ತನಕ ಬೀಗ ತೆಗೆಯುವ ಮಾತೇ ಇಲ್ಲ. ಇಂಥ ಪಾಸ್‌ವರ್ಡನ್ನು ಎಲ್ಲಾದರೂ ಕಂಡಿದ್ದೀರಾ? ವಾಸನೆ ಸಮೇತ!

ಚಾಮರಾಜನಗರದಿಂದ ಸಾಹೇಬರೊಬ್ಬರು ಹೊಸ ಕಂಪ್ಯೂಟರ್ ತಂದು ಕೂರಿಸಿದರು. ಒಳಗೆ ಎಐ ಇದೆಯಂತೆ, ಎಲ್ಲ ಲೈನುಗಳನ್ನೂ ಅದೇ ಕಾಯುತ್ತದಂತೆ.

"ಇನ್ನು ನಿಮ್ಮ ಚಪ್ಪಲಿ ಅಂಗಡಿ ಮುಚ್ಚಿ," ಎಂದರು.

"ಆಗ್ಲಿ ಸಾ. ಇದ್ಕೆ ಕಾಲು ಅದವಾ?"

"ಕಾಲ್ಯಾಕ್ರೀ?"

"ಕಂಬ ಅತ್ತಿದ್ದೋರು ಇಳುದ್ರಾ ಅಂತ ಓಗಿ ನೋಡಕೆ."

ಅಷ್ಟಕ್ಕೇ ಬಿಟ್ಟರೇ? ಲೈನ್ ನೋಡಲು ಹೊರಟ ಸಾಹೇಬರ ಎಡಗಾಲಿನ ಶೂ ಕೂಡ ಬೀಗಕ್ಕೇರಿತು. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಲೈನ್‌ಮನ್ನಿನ ಹವಾಯಿ ಚಪ್ಪಲಿ! ಆ ನಡಿಗೆ ನೋಡಿದ ಟೀ ಅಂಗಡಿಯವನು ಇನ್ನೂ ನಗುತ್ತಿದ್ದಾನೆ. ಓದಿದವನಲ್ಲವೇ, ನಾನು ನಕ್ಕಿದ್ದು ಮಾವನನ್ನು ನೋಡಿ.

ಕಳೆದ ತಿಂಗಳು ಅರಿಸಿನದ ಹೊಲದ ನಡುವಿನ ಕಂಬದ ಮೇಲೆ ಲೈನ್‌ಮನ್ನಿನ ಜೊತೆ ನಾನೇ ಇದ್ದೆ, ಬರಿಯ ತಂತಿ ಹಿಡಿದುಕೊಂಡು. ಅದೇ ಹೊತ್ತಿಗೆ ಮಾವನಿಗೆ ಫೋನು ಬಂತು. ಸಾಹೇಬರದೇ ದನಿ, ಅವರದೇ ಕೆಮ್ಮು.

"ಎಲ್ಲರೂ ಇಳಿದಿದ್ದಾರೆ. ಬೀಗ ತೆಗೆದು ಕರೆಂಟು ಬಿಡಿ."

ಕಂಪ್ಯೂಟರಿನ ಪರದೆಯೂ ಕೆಲಸ ಮುಗಿದಿದೆ ಎಂದೇ ತೋರಿಸುತ್ತಿತ್ತು.

"ಸಾ, ಎಕ್ಕಡ ಇಲ್ಲೇ ನೇತಾಡ್ತಾ ಅದೆ."

"ಸಸ್ಪೆಂಡ್ ಮಾಡ್ತೀನಿ!"

"ಮಾಡ್ಬುಡಿ ಸಾ. ನಮ್ ಐಕ ಕಂಬ ಇಳುದು ಬರೋಗಂಟ ನಾ ಬೀಗ ತಗ್ಯಾಕಿಲ್ಲ."

ಆಮೇಲೆ ವಿಚಾರಿಸಿದರೆ, ಸಾಹೇಬರು ಫೋನು ಮಾಡಿಯೇ ಇರಲಿಲ್ಲ! ಯಾರೋ ಕಂಪ್ಯೂಟರಿನೊಳಗೆ ನುಗ್ಗಿ ಪರದೆಯಲ್ಲಿ ಸುಳ್ಳು ಬರೆದಿದ್ದರು. ಎಐ ಬಳಸಿ ಸಾಹೇಬರ ದನಿಯನ್ನೂ ಕೆಮ್ಮು ಸಮೇತ ತಯಾರಿಸಿದ್ದರು. ಯಾರು, ಯಾಕೆ ಎಂದು ಇನ್ನೂ ಗೊತ್ತಾಗಿಲ್ಲ. ದನಿ ಕದ್ದ ಮಹಾನುಭಾವರಿಗೆ ನನ್ನ ಎಂಟು ನಂಬರಿನ ಒಂದು ಚಪ್ಪಲಿ ಕದಿಯಲಾಗಲಿಲ್ಲ, ಅಷ್ಟೆ. ಆ ಅಷ್ಟೆಯಲ್ಲೇ ನನ್ನ ಜೀವವಿತ್ತು.

ಮೊನ್ನೆ ಮೇಲಿನಿಂದ ಕಾಗದ ಬಂದಿದೆ: ಬ್ರೇಕರಿಗೆ ಪಾದರಕ್ಷೆ ಕಟ್ಟುವುದು ಕಚೇರಿಗೆ ಶೋಭೆಯಲ್ಲ, ಕೂಡಲೇ ತೆಗೆಯತಕ್ಕದ್ದು. ನಾನು ಒಂದೇ ಸಾಲಿನ ಉತ್ತರ ಬರೆದೆ: "ತೆಗೆಯುವುದಿಲ್ಲ." ಕೆಳಗೆ ಸಹಿ ಹಾಕಿ, ನನ್ನ ಎಡಗಾಲಿನ ಅಳತೆಯನ್ನೂ ನಮೂದಿಸಿದೆ. ಏನು ಮಾಡುತ್ತಾರೋ ಮಾಡಲಿ!

ಆ ಸುಳ್ಳು ಫೋನು ಬಂದ ದಿನ ನಾನು ಏನೂ ತಿಳಿಯದೆ ಕೆಲಸ ಮುಗಿಸಿ ಬಂದು, ಬೂಟು ಬಿಚ್ಚಿ, ಬರಿಗಾಲಲ್ಲಿ ಮಾವನ ಮುಂದೆ ನಿಂತೆ. "ಏನ್ ಮಾವ, ಕೊಡಲ್ವಾ?" ಎಂದು ರೇಗಿಸಿದೆ. ಮಾವನಿಗೆ ಬೀಗದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಆ ಚಪ್ಪಲಿಯನ್ನು ಹೆಗಲ ಟವೆಲಿನಿಂದ ಒರೆಸಿದರು. ಬಗ್ಗಿ, ತಾವೇ ನನ್ನ ಕಾಲ ಬಳಿ ಇಟ್ಟರು.

"ಆಕ್ಕೊ ಮಗ," ಎಂದರು, "ನೆಲ ಕಾದದೆ."