ಭಾಗವತರು ಮನೆ ಬಿಟ್ಟದ್ದು

ವೇಗ ಹೊಂದಿಸುವ ತಿರುಪಿನ ತಲೆ ಉದ್ದಿನಕಾಳಿನಷ್ಟಿದೆ. ಗ್ರಾಮಫೋನಿನ ತಟ್ಟೆಯ ಪಕ್ಕದಲ್ಲೇ ಇದ್ದರೂ ತುಕ್ಕು ಹಿಡಿದು ಮರದ ಬಣ್ಣಕ್ಕೆ ತಿರುಗಿದ್ದರಿಂದ ನಮ್ಮ ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ನಾನೂ ಗಮನಿಸದೆ ಇದ್ದಿದ್ದರೆ ಚೆನ್ನಾಗಿತ್ತು. ಕಂಡದ್ದನ್ನೆಲ್ಲ ಸರಿ ಮಾಡಿಯೇ ತೀರಬೇಕೆಂಬ ಚಪಲ ಕೆಲವರಿಗಿರುತ್ತದೆ, ನನಗಿದೆ. ಯಾರದಾದರೂ ಮನೆಯ ಗೋಡೆಯಲ್ಲಿ ಪಟ ವಾಲಿದ್ದರೆ, ಅವರು ಕಾಫಿ ತರಲು ಒಳಗೆ ಹೋದಾಗ ಎದ್ದು ಅದನ್ನು ನೆಟ್ಟಗೆ ಮಾಡಿ, ಏನೂ ಅರಿಯದವಳಂತೆ ಕೂತುಬಿಡುತ್ತೇನೆ. ಮಾತು ಕಡಿಮೆ ಇರುವವರ ಕೈ ಸುಮ್ಮನಿರುವುದಿಲ್ಲ ಎಂದು ಅಮ್ಮ ಹೇಳುವುದು ಇದಕ್ಕೇ.

ಗ್ರಾಮಫೋನು ತಾತನದು. ಯಾದವಗಿರಿಯ ಬಂಗಲೆಯೊಂದರಲ್ಲಿ ಅವರು ಕಾರಿನ ಡ್ರೈವರಾಗಿದ್ದಾಗ, ಮನೆ ಖಾಲಿ ಮಾಡಿದ ಮಾಲೀಕರು ಕೊಟ್ಟುಹೋದದ್ದು. ಜೊತೆಗೆ ಬಂದದ್ದು ಒಂದೇ ರೆಕಾರ್ಡು. ಅದರ ನಡುವಿನ ಚೀಟಿಯನ್ನು ಜಿರಲೆ ತಿಂದಿದ್ದರಿಂದ ಹಾಡಿದವರು ಯಾರೋ ತಿಳಿಯದು. ಒಂದು ದೇವರನಾಮ. ಕೀಲಿ ಕೊಟ್ಟು ಸೂಜಿ ಇಟ್ಟರೆ ತುಂಬು ಗಂಟಲಿನ ಗಂಡಸೊಬ್ಬರು ಯಾವ ಆತುರವೂ ಇಲ್ಲದೆ ಹಾಡುತ್ತಿದ್ದರು. ಅವರಿಗೆ ಭಾಗವತರು ಎಂದು ಹೆಸರಿಟ್ಟದ್ದು ತಾತ. ಬೆಳಿಗ್ಗೆ ರೆಕಾರ್ಡು ಹಾಕಿ ತಾತ ಬಚ್ಚಲಿಗೆ ಹೋಗುವುದು, ಹೊರಗೆ ಅವರು, ಒಳಗೆ ಇವರು ಒಂದೇ ಶ್ರುತಿಯಲ್ಲಿ ಹಾಡುವುದು ನಾನು ಹುಟ್ಟುವ ಮೊದಲಿನಿಂದ ನಡೆದುಬಂದ ಪದ್ಧತಿ. ಕೊನೆಯ ಚರಣದ ಹೊತ್ತಿಗೆ ಸ್ಪ್ರಿಂಗಿನ ಕಸುವು ಇಳಿದು ಹಾಡು ಜಗ್ಗತೊಡಗಿದರೆ, "ಭಾಗವತ್ರಿಗೆ ಸುಸ್ತಾಯ್ತು" ಎನ್ನುತ್ತ ಯಾರಾದರೂ ಓಡಿ ಕೀಲಿ ತಿರುಗಿಸಬೇಕು. ಅಜ್ಜಿ ಇದ್ದಾಗ ಅಡುಗೆಮನೆಯಿಂದಲೇ, "ಅವ್ರಿಗೂ ಒಂದು ಲೋಟ ಕಾಫಿ ಕೊಡ್ಲಾ ಕೇಳ್ರೀ, ನಿಮ್ಗಿಂತ ಚೆನ್ನಾಗಿ ಹಾಡ್ತಾರೆ" ಎನ್ನುತ್ತಿದ್ದರು. ಅಜ್ಜಿ ಹೋದ ಮೇಲೆ ತಾತ ದಿನವಿಡೀ ಹೂಂ, ಉಹೂಂ ಎರಡರಲ್ಲೇ ಕಳೆಯುತ್ತಾರೆ. ಬಾಯ್ತುಂಬ ದನಿ ತೆಗೆಯುತ್ತಿದ್ದದ್ದು ಭಾಗವತರ ಜೊತೆಯಲ್ಲಿ ಮಾತ್ರ.

ಈಚೆಗೆ ಮೋಟರಿನೊಳಗೆ ದಡ್ ದಡ್ ಎಂಬ ಸದ್ದು ಶುರುವಾಗಿತ್ತು. ರಿಪೇರಿ ಮಾಡಲೇ ಎಂದು ಕೇಳಿದ್ದಕ್ಕೆ ತಾತ, "ಬುಡಮ್ಮ, ವಯಸ್ಸಾದೋರ ಮೈ ಸದ್ದು ಮಾಡ್ದೆ ಇರುತ್ತಾ" ಎಂದರು. ಅದನ್ನು ನಾನು ಒಪ್ಪಿಗೆಯೆಂದೇ ತಿಳಿದೆ. ಅವರು ಕುವೆಂಪುನಗರದ ಅತ್ತೆಯ ಮನೆಗೆ ಹೋದ ದಿನ ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸಿ ಮೋಟರು ಬಿಚ್ಚಿದೆ. ಸ್ಪ್ರಿಂಗು ಸುತ್ತಿಕೊಂಡು ಕೂತಿದ್ದ ಡಬ್ಬಿಯೊಳಗೆ ಗ್ರೀಸು ಹಳೆಯ ಹುಣಸೆಹಣ್ಣಿನಂತೆ ಕಪ್ಪಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ಹಚ್ಚಿ, ಹಲ್ಲುಚಕ್ರಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆಗ ಆ ತಿರುಪು ಕಂಡಿತು. ತೀರಾ ನಿಧಾನದ ತುದಿಗೆ ಹೋಗಿ ತುಕ್ಕು ಹಿಡಿದು ಕೂತಿತ್ತು. ಇಂಥ ರೆಕಾರ್ಡುಗಳು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕೆಂದು ಓದಿದ್ದೆ. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಸುತ್ತು ಎಣಿಸಿ, ತಿರುಪನ್ನು ಅಲ್ಲಿಗೇ ತಂದು ನಿಲ್ಲಿಸಿದೆ. ಹಾಡು ಮಾತ್ರ ಹಾಕಿ ನೋಡಲಿಲ್ಲ. ಮೊದಲು ತಾತನೇ ಕೇಳಲಿ ಎಂದು.

ಸಂಜೆ ತಾತ ಬಂದು ಸೂಜಿ ಇಟ್ಟರು. ಹೆಂಗಸೊಬ್ಬರು ಹಾಡತೊಡಗಿದರು. ಚುರುಕಾದ, ಎಳೆಯ ದನಿ. ಹೆಚ್ಚೆಂದರೆ ನನ್ನ ವಯಸ್ಸಿನವರಿರಬೇಕು. ಎಲ್ಲೂ ಜಗ್ಗಲಿಲ್ಲ, ಸುಸ್ತಾಗಲಿಲ್ಲ. ತಾತ ನಿಂತೇ ಕೇಳಿದರು.

"ಇದ್ಯಾರಮ್ಮ?"

"ಅದೇ ರೆಕಾರ್ಡು ತಾತ. ಇಷ್ಟು ದಿನ ನಿಧಾನ ಓಡಿ ದನಿ ದಪ್ಪಗಾಗಿತ್ತು, ಈಗ ಸರಿಯಾದ ವೇಗದಲ್ಲಿ ಓಡ್ತಿದೆ."

"ಹಂಗಾದ್ರೆ ಭಾಗವತ್ರು?"

ನನ್ನ ಬಳಿ ಎರಡು ಪದವಿಗಳಿವೆ. ಎರಡನ್ನೂ ನಂಬಿ ಆ ತಿರುಪನ್ನು ಬೆರಳಿಟ್ಟು ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಷ್ಟು ವರ್ಷ ಮನೇಲಿದ್ದ ಮನುಷ್ಯನ್ನ ಒಂದು ಬಟ್ಲು ಸೀಮೆಎಣ್ಣೇಲಿ ತೊಳ್ದು ಕಳಿಸ್ಬುಟ್ಯಲ್ಲೇ" ಎಂದರು.

ತಿರುಪನ್ನು ಮೊದಲಿನ ಜಾಗಕ್ಕೇ ತಿರುಗಿಸುತ್ತೇನೆಂದು ಸ್ಕ್ರೂಡ್ರೈವರ್ ತಂದೆ. ತಾತ ಕೈ ಅಡ್ಡ ಹಿಡಿದರು. "ಬ್ಯಾಡ ಕಣಮ್ಮ. ಆಯಮ್ಮ ಇಷ್ಟು ವರ್ಷ ಗಂಟ್ಲು ಅದುಮಿಸ್ಕೊಂಡು ಹಾಡವ್ಳೆ. ಗೊತ್ತಾದ್ಮೇಲೂ ಹೆಂಗೆ ಅದುಮೋದು?" ಇನ್ನೊಮ್ಮೆ ಹಾಕಿ ಆಕೆಯ ಜೊತೆ ದನಿಗೂಡಿಸಲು ನೋಡಿದರು. ಪಲ್ಲವಿ ಅರ್ಧವಾಗುವಷ್ಟರಲ್ಲಿ ಕೆಮ್ಮು ಬಂತು. "ನನ್ಗೆ ಎಟುಕಲ್ಲ" ಎಂದು ಮೆಲ್ಲಗೆ ಮುಚ್ಚಳ ಮುಚ್ಚಿದರು. ಅವರು ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಮರುದಿನ ಬೆಳಿಗ್ಗೆ ತಾತ ರೆಕಾರ್ಡು ಹಾಕದೆಯೇ ಬಚ್ಚಲಿಗೆ ಹೋದರು. ಒಳಗಿನಿಂದ ತಂಬಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ನಾನು ಶಾಲೆಯ ಪ್ರಾರ್ಥನೆಯಲ್ಲಿ ಸಹ ಬರೀ ತುಟಿ ಆಡಿಸುತ್ತಿದ್ದವಳು. ಬೀದಿ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಬಚ್ಚಲ ಬಾಗಿಲ ಮುಂದೆ ನಿಂತು, ಗದ್ದವನ್ನು ಎದೆಗೆ ಒತ್ತಿಕೊಂಡು, ಸಾಧ್ಯವಾದಷ್ಟು ದಪ್ಪ ದನಿಯಲ್ಲಿ, ಆ ಹಳೆಯ ನಿಧಾನಕ್ಕೇ ಪಲ್ಲವಿ ಎತ್ತಿಕೊಂಡೆ. ಅಡುಗೆಮನೆಯಲ್ಲಿ ಅಮ್ಮನ ಸೌಟು ನಿಂತಿತು. ಒಳಗೆ ತಂಬಿಗೆಯೂ ನಿಂತಿತು. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬಾರದೆಂದು ನಾನು ಮಾತ್ರ ನಿಲ್ಲಿಸಲಿಲ್ಲ. ಎರಡನೆಯ ಸಾಲಿಗೆ ಬಂದಾಗ ಬಾಗಿಲಾಚೆಯಿಂದ, "ಇನ್ನೂ ಒಂಚೂರು ಕೆಳ್ಗೆ ಇಳ್ಸಮ್ಮ" ಎಂದರು ತಾತ.

ಇಳಿಸಿದೆ.